ರಾಮಗಡದ ನಗು, ಅಲೆಮಾರಿಯ ಕಳಂಕ

ಕೌಬಾಯ್ ಚಿತ್ರಗಳ ಭಾರತೀಯ ತಮ್ಮನೆಂದರೆ ‘ಶೋಲೆ’. 1975ರ ಆಗಸ್ಟ್ 15ರಂದು ತೆರೆಕಂಡ ಈ ಹಿಂದಿ ಚಿತ್ರದ ರಾಮಗಡ ಎದ್ದುನಿಂತದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಗಬ್ಬರ್ ಸಿಂಗ್ ತನ್ನ ಮೂವರು ಸಹಚರರ ತಲೆಗೆ ಪಿಸ್ತೂಲು ಹಿಡಿಯುತ್ತಾನೆ. ಗುಂಡು ಹಾರುವುದಿಲ್ಲ. ಎಲ್ಲರೂ ಬಿದ್ದುಬಿದ್ದು ನಗುತ್ತಾರೆ. ನಗು ಮುಗಿಯುವ ಮೊದಲೇ ಮೂವರೂ ಹೆಣವಾಗುತ್ತಾರೆ. ಜೊತೆಗೆ ನಕ್ಕ ಪ್ರೇಕ್ಷಕನೂ ಬೆಚ್ಚುತ್ತಾನೆ.

ಹಾಲಿವುಡ್ಡಿನ ಇಂಥ ಕತೆಗಳಲ್ಲಿ ಖಳರು ಬಹುಮಟ್ಟಿಗೆ ‘ರೆಡ್ ಇಂಡಿಯನ್ನರು’. ಗಬ್ಬರನ ಜಾತಿಯನ್ನಂತೂ ಯಾರೂ ಕೇಳುವುದಿಲ್ಲ. ಅದು ಚಿತ್ರದ ದೊಡ್ಡತನವೇ ಸರಿ. ಆದರೆ ಮದ್ದುಗುಂಡಿನ ವ್ಯಾಪಾರದ ರಾತ್ರಿ ಡಕಾಯಿತರೆದುರು ಹಾಡಿ ಕುಣಿಯುವವರು ಯಾರು? ಅಲೆಮಾರಿಗಳು!

ಕಳ್ಳತನಕ್ಕೂ ಅಲೆಮಾರಿಗೂ ಗಂಟುಹಾಕಿದ್ದು ಸಿನಿಮಾದವರಲ್ಲ, ಸರ್ಕಾರ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿ ಮಾಡಿತು. ಎತ್ತುಗಳ ಮೇಲೆ ಉಪ್ಪು, ದವಸ ಹೇರಿ ಊರೂರು ಸುತ್ತುತ್ತಿದ್ದವರ ಕಸುಬನ್ನು ರೈಲು ಕಿತ್ತುಕೊಂಡಿತು. ಸುತ್ತಾಟವೇ ಗುಮಾನಿಗೆ ಕಾರಣವಾಯಿತು. ಹುಬ್ಬಳ್ಳಿ, ವಿಜಾಪುರಗಳ ಸೆಟ್ಲ್‌ಮೆಂಟ್‌ಗಳಲ್ಲಿ ಕಳ್ಳತನ ಮಾಡದವನೂ ಹಾಜರಿ ಕೊಡಬೇಕಿತ್ತು.

ಆ ಪಟ್ಟಿ ರದ್ದಾದದ್ದು 1952ರ ಆಗಸ್ಟ್ 31ರಂದು, ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ. ಅದರ ಜಾಗಕ್ಕೆ ಬಂದ ರೂಢಿಗತ ಅಪರಾಧಿಗಳ ಕಾಯ್ದೆಗಳು ಪೊಲೀಸರ ಕಣ್ಣನ್ನು ಅವೇ ಗುಡಿಸಲುಗಳ ಮೇಲೆ ಇರಿಸಿದವು.