ಎರೆಹೊಲದ ಟಿಪ್ಪಣಿಯೊಳಗಿನ ದೂರಸೂತ್ರ

ರೋಣ, ನರಗುಂದದ ಎರೆ ಸೀಮೆಯಲ್ಲಿ ಬಹುಕಾಲ ಹೊಲದ ಅಳತೆ ಹೇಳುತ್ತಿದ್ದುದು ಕೂರಿಗೆಯಲ್ಲಿ. ಒಂದು ಕೂರಿಗೆ ಒಂದು ದಿನ ಬಿತ್ತುವಷ್ಟು ನೆಲಕ್ಕೆ ಆ ಹೆಸರು. ಎತ್ತು ಗಟ್ಟಿಯಿದ್ದು ಮಣ್ಣು ಹದವಾಗಿದ್ದರೆ ಅಳತೆ ಹಿಗ್ಗುತ್ತಿತ್ತು, ಇಲ್ಲದಿದ್ದರೆ ಕುಗ್ಗುತ್ತಿತ್ತು. ಅದಕ್ಕೂ ಹಿಂದೆ, 11ನೇ ಶತಮಾನದಲ್ಲಿ, ಚಾಲುಕ್ಯರ ಅಕ್ಕಾದೇವಿ ಸೂಡಿಯಲ್ಲಿದ್ದು ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳುತ್ತಿದ್ದಳು. ಆ ಕಾಲದ ಶಾಸನಗಳಲ್ಲಿ ದಾನದ ಭೂಮಿಯ ಲೆಕ್ಕ ಮತ್ತರಿನಲ್ಲಿದೆ. ಮತ್ತರನ್ನು ಅಳೆಯುವ ಗಳೆಯೂ ಊರಿಂದೂರಿಗೆ ಬೇರೆಯಾಗುತ್ತಿತ್ತು.

ಈ ಏರುಪೇರಿನ ಮೇಲೆ ಕಂದಾಯ ನಿಂತಿದ್ದರಿಂದಲೇ ಸರಪಳಿ ಬಂತು. 1840ರ ದಶಕದಲ್ಲಿ ಕ್ಯಾಪ್ಟನ್ ಜಾರ್ಜ್ ವಿಂಗೇಟ್ ಮೇಲ್ವಿಚಾರಣೆಯಲ್ಲಿ ಧಾರವಾಡ ಕಲೆಕ್ಟರೇಟಿನ ಹಳ್ಳಿಗಳ ಮೋಜಣಿ ನಡೆಯಿತು. ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಸೇರಿ 1847ರಲ್ಲಿ ಕೊಟ್ಟ ಜಂಟಿ ವರದಿ ಮುಂಬಯಿ ಪ್ರಾಂತ್ಯದ ಅಳತೆಗೆ ನಿಯಮಗಳನ್ನು ಹಾಕಿತು. ಆಗ ನರಗುಂದವಿನ್ನೂ ಸಂಸ್ಥಾನ. 1858ರಲ್ಲಿ ಬಾಬಾಸಾಹೇಬ ಭಾಸ್ಕರರಾವ್ ಬಂಡೆದ್ದು, ಸೋತು, ಗಲ್ಲಿಗೇರಿದ ಮೇಲೆ ಅಲ್ಲಿಯ ನೆಲವೂ ನೇರವಾಗಿ ಬ್ರಿಟಿಷರ ಕೈಸೇರಿತು.

ಸರಪಳಿಯ ಉದ್ದ 33 ಅಡಿ; ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. 40 ಗುಂಟೆಗೆ ಎಕರೆ. ಉತಾರದಲ್ಲಿ ಇಂದಿಗೂ ಕಾಣುವ ಲೆಕ್ಕ ಇದೇ.

ಆದರೆ ಹೊಲವೆಂದರೆ ಚೌಕವಲ್ಲ. ಹಳ್ಳದ ಕಡೆ ಬಾಗಿದ, ಬಂಡಿದಾರಿಯ ಕಡೆ ಚೂಪಾದ ಹೊಲವನ್ನು ಸರಪಳಿಯಿಂದ ಹೇಗೆ ಹಿಡಿಯುವುದು? ಮೋಜಣಿದಾರರು ಮೊದಲು ಹೊಲದ ನಡುವೆ ಒಂದು ನೇರ ಗೆರೆ ಎಳೆದರು. ಒಂದಕ್ಕೊಂದು ಲಂಬವಾಗಿ ಸೀಳು ಕೊರೆದ ಕ್ರಾಸ್ ಸ್ಟಾಫನ್ನು ಆ ಗೆರೆಯ ಮೇಲೆ ನಿಲ್ಲಿಸಿ, ಬದುವಿನ ಮೂಲೆಗಲ್ಲು ಸರಿಯಾಗಿ ಅಡ್ಡಕ್ಕೆ ಕಾಣುವ ಜಾಗ ಹುಡುಕಿದರು. ಗೆರೆಯ ಮೇಲೆ ಎಷ್ಟು ಸರಪಳಿ ನಡೆದದ್ದು, ಅಲ್ಲಿಂದ ಕಲ್ಲಿಗೆ ಎಷ್ಟು ಸರಪಳಿ, ಎಡಕ್ಕೋ ಬಲಕ್ಕೋ, ಇವಿಷ್ಟನ್ನು ಟಿಪ್ಪಣಿಯಲ್ಲಿ ಬರೆದರು. ಪ್ರತಿ ಕಲ್ಲಿಗೆ ಎರಡು ಸಂಖ್ಯೆ, ಒಂದು ದಿಕ್ಕು. ಶಾಲೆಯಲ್ಲಿ ನಿರ್ದೇಶಾಂಕ ಎಂದು ಕಲಿಸುವುದು ಇದನ್ನೇ.

ಒಂದು ಲೆಕ್ಕ ನೋಡಿ. ಮೊದಲ ಕಲ್ಲು ಗೆರೆಯ ಮೇಲೆ 2 ಸರಪಳಿ ನಡೆದು ಎಡಕ್ಕೆ 2 ಸರಪಳಿ ದೂರ. ಎರಡನೆಯದು 14 ಸರಪಳಿ ನಡೆದು ಬಲಕ್ಕೆ 3. ಗೆರೆಗುಂಟ ಅಂತರ 12. ಕಲ್ಲುಗಳು ಗೆರೆಯ ಎರಡು ಬದಿಗಿರುವುದರಿಂದ ಅಡ್ಡ ಅಂತರವನ್ನು ಕಳೆಯದೆ ಕೂಡಿಸಬೇಕು: 5. ಹನ್ನೆರಡರ ವರ್ಗ 144, ಐದರ ವರ್ಗ 25, ಒಟ್ಟು 169. ಅದರ ವರ್ಗಮೂಲ 13. ಇದೇ ದೂರಸೂತ್ರ. ನಡುವೆ ಜೋಳ ಆಳೆತ್ತರ ನಿಂತಿದ್ದರೂ ಕಲ್ಲಿನಿಂದ ಕಲ್ಲಿಗೆ 13 ಸರಪಳಿ, ಅಂದರೆ 429 ಅಡಿ ಎಂದು ಕೂತಲ್ಲೇ ಹೇಳಬಹುದು. ಮಕ್ಕಳು ಋಣ ಚಿಹ್ನೆಯಲ್ಲಿ ಎಡವುವ ಜಾಗವೇ ಈ ಎಡ-ಬಲ. ಹೊಲದಲ್ಲಿ ನಿಂತವರಿಗೆ ಆ ಗೊಂದಲ ಬರುವುದಿಲ್ಲ.

ಬಿಂದುವನ್ನು ಸಂಖ್ಯೆಗಳಿಂದ ಗುರುತಿಸಿ ಬೀಜಗಣಿತಕ್ಕೆ ಒಗ್ಗಿಸಿದ ಕೀರ್ತಿ ಫ್ರಾನ್ಸಿನ ಡೆಕಾರ್ಟನದು. ಅವನ ಪುಸ್ತಕ ಬಂದದ್ದು 1637ರಲ್ಲಿ. ಲಂಬಕೋನ ತ್ರಿಕೋನದ ಭುಜ, ಕೋಟಿ, ಕರ್ಣಗಳ ಲೆಕ್ಕ ಮಾತ್ರ ಕನ್ನಡ ನಾಡಿಗೆ ಅದಕ್ಕಿಂತ ಬಹಳ ಹಳೆಯದು. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಅದನ್ನು ವಿವರಿಸಿದ. 12ನೇ ಶತಮಾನದ ರಾಜಾದಿತ್ಯ ಕ್ಷೇತ್ರಗಣಿತವನ್ನು ಕನ್ನಡದಲ್ಲೇ ಬರೆದ.

ಗಜೇಂದ್ರಗಡದ ಗುಡ್ಡಸಾಲಿನಲ್ಲಿ ಇನ್ನೊಂದು ತೊಡಕು. ಇಳಿಜಾರಿಗೆ ಸರಪಳಿ ಹಾಸಿದರೆ ದೂರ ಹೆಚ್ಚು ಬರುತ್ತದೆ. ಒಂದು ತುದಿ 8 ಅಡಿ ಮೇಲಿದ್ದರೆ 33 ಅಡಿಯ ಸರಪಳಿ ನಕ್ಷೆಯಲ್ಲಿ ಸುಮಾರು 32 ಅಡಿ ಮಾತ್ರ. ಆದ್ದರಿಂದ ಸರಪಳಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಮಟ್ಟಸ ಹಿಡಿದು ಅಳೆಯಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಇಲ್ಲದ ನೆಲಕ್ಕೆ ರೈತ ಕಂದಾಯ ಕಟ್ಟಬೇಕಾಗುತ್ತದೆ.

ಅಳತೆ ಹುಟ್ಟಿದ್ದು ರೈತನ ಉಪಕಾರಕ್ಕಲ್ಲ, ಬೊಕ್ಕಸಕ್ಕೆ. ಎರೆಮಣ್ಣಿನ ಆಳವನ್ನೂ ಮೊಳದಲ್ಲಿ ಅಳೆದು, ಆಣೆಯಲ್ಲಿ ದರ್ಜೆ ಕಟ್ಟಿ ಆಕಾರ, ಅಂದರೆ ಕಂದಾಯ, ನಿಗದಿ ಮಾಡಲಾಯಿತು. ಮಲಪ್ರಭಾ ಕಾಲುವೆ ಬಂದ ಮೇಲೆ ಅಭಿವೃದ್ಧಿ ಕರದ ಲೆಕ್ಕವೂ ಎಕರೆಯ ಮೇಲೇ ನಿಂತಿತು. 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಸಿಡಿದೆದ್ದದ್ದು ಅದರ ವಿರುದ್ಧ. ಹಾಗಿದ್ದೂ, ಬಾಂದುಗಲ್ಲು ಕಿತ್ತುಹೋದಾಗ ಬಡವನ ಬದುವನ್ನು ಉಳಿಸಿಕೊಡುವುದು ಅದೇ ಟಿಪ್ಪಣಿ.

ಈಗ ಭೂಮಾಪಕರು ರೋವರ್ ಹಿಡಿದು ಉಪಗ್ರಹದಿಂದ ನಿರ್ದೇಶಾಂಕ ಪಡೆಯುತ್ತಾರೆ. ಯಂತ್ರ ಮಾಡುವುದೂ ಅದೇ ವರ್ಗ, ಅದೇ ವರ್ಗಮೂಲ. ರೋಣ, ನರಗುಂದ, ಗಜೇಂದ್ರಗಡದ ಗಣಿತ ಶಿಕ್ಷಕರು ದೂರಸೂತ್ರ ಕಲಿಸುವ ವಾರ ಊರಿನ ಒಂದು ಸರ್ವೆ ನಂಬರಿನ ಟಿಪ್ಪಣಿ ನಕಲು ತರಿಸಿ, ಮಕ್ಕಳ ಕೈಗೆ ಟೇಪು ಕೊಟ್ಟು ಹೊಲಕ್ಕೆ ಕರೆದೊಯ್ಯಲಿ.