ಸ್ಲೋ ಕುಕ್ಕರ್ ಅಡುಗೆ: ಯಾವುದು ಸರಿ, ಯಾವುದು ಸಲ್ಲದು

ರಾತ್ರಿ ಊಟವಾದ ಮೇಲೆ ಸೌದೆ ಒಲೆಯ ಕೆಂಡದ ಮೇಲೆ ಹುರುಳಿಯ ಮಡಕೆ ಇಟ್ಟು ಮಲಗಿದರೆ ಬೆಳಗಾಗುವಷ್ಟರಲ್ಲಿ ಕಾಳು ಮೆತ್ತಗಾಗಿರುತ್ತಿತ್ತು. ಗ್ಯಾಸ್ ಬಂದ ಮೇಲೆ ಬಹಳಷ್ಟು ಮನೆಗಳಲ್ಲಿ ಈ ರೂಢಿ ತಪ್ಪಿತು. ಅದೇ ಕೆಲಸವನ್ನು ವಿದ್ಯುತ್ತಿನಿಂದ ಮಾಡುವ ಪಾತ್ರೆಯೇ ಸ್ಲೋ ಕುಕ್ಕರ್. ಆದರೆ ಪ್ರೆಷರ್ ಕುಕ್ಕರಿನ ಲೆಕ್ಕವನ್ನೇ ಇದಕ್ಕೂ ಹಿಡಿದರೆ ಅಡುಗೆ ಕೆಡುತ್ತದೆ. ಕೆಲವು ಕಾಳುಗಳಲ್ಲಿ ಆರೋಗ್ಯವೂ ಕೆಡಬಹುದು.

ಹುಟ್ಟಿದ್ದು ಹೇಗೆ?

ಲಿಥುವೇನಿಯಾದ ಯಹೂದಿಗಳು ಶನಿವಾರ ಒಲೆ ಹಚ್ಚುವಂತಿರಲಿಲ್ಲ. ಹಾಗಾಗಿ ಶುಕ್ರವಾರ ಸಂಜೆಯೇ ಕಾಳು, ಮಾಂಸ ತುಂಬಿದ ಮಡಕೆಯನ್ನು ಬೇಕರಿಯ ಒಲೆಯಲ್ಲಿಟ್ಟು ಮರುದಿನ ತೆಗೆದು ಉಣ್ಣುತ್ತಿದ್ದರು. ಈ ಅಡುಗೆಗೆ ಚೋಲೆಂಟ್ ಎಂದು ಹೆಸರು. ಇದರ ಕಥೆಯನ್ನು ಮನೆಯವರಿಂದ ಕೇಳಿದ್ದ ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ ವಿದ್ಯುತ್ ಪಾತ್ರೆಯೊಂದನ್ನು ರೂಪಿಸಿ 1940ರಲ್ಲಿ ಪೇಟೆಂಟ್ ಪಡೆದರು. ರೈವಲ್ ಕಂಪನಿ ಅದನ್ನು ಕೊಂಡು 1971ರಲ್ಲಿ 'ಕ್ರಾಕ್ ಪಾಟ್' ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಕೆಲಸ ಮಾಡುವ ಬಗೆ

ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಅದರ ಸುತ್ತ ಕಾಯುವ ತಂತಿ, ಮೇಲೆ ಗಾಜಿನ ಮುಚ್ಚಳ. ಪ್ರೆಷರ್ ಕುಕ್ಕರಿನಲ್ಲಿ ಶಾಖ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಸ್ಲೋ ಕುಕ್ಕರಿನಲ್ಲಿ ಅದು ಕುದಿಯುವ ಮಟ್ಟದ ಆಸುಪಾಸಿಗೆ, ಅದೂ ಗಂಟೆಗಟ್ಟಲೆ ನಿಧಾನವಾಗಿ ಬರುತ್ತದೆ. ಈ ನಿಧಾನದಲ್ಲೇ ಲಾಭವಿದೆ. ಗಟ್ಟಿ ಮಾಂಸದ ನಾರು ಕರಗಿ ಸಾರು ಮಂದವಾಗುತ್ತದೆ, ತಳ ಹಿಡಿಯುವ ಭಯ ಕಡಿಮೆ. 200 ವ್ಯಾಟ್‌ನ ಕುಕ್ಕರ್ ಎಂಟು ಗಂಟೆ ಉರಿದರೆ ಖರ್ಚಾಗುವುದು ಹೆಚ್ಚೆಂದರೆ 1.6 ಯೂನಿಟ್ ವಿದ್ಯುತ್.

ರಾಜ್ಮಾ: ಮರೆಯಬಾರದ ಎಚ್ಚರಿಕೆ

ಹಸಿ ರಾಜ್ಮಾದಲ್ಲಿ, ಅದರಲ್ಲೂ ಕೆಂಪು ರಾಜ್ಮಾದಲ್ಲಿ, ಲೆಕ್ಟಿನ್ ಎಂಬ ವಿಷಕಾರಿ ಅಂಶವಿದೆ. ನಾಲ್ಕೈದು ಹಸಿ ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಆಮೇಲೆ ಭೇದಿ ಶುರುವಾಗಬಹುದು. ಚೆನ್ನಾಗಿ ಕುದಿಸಿದರೆ ಈ ವಿಷ ನಾಶವಾಗುತ್ತದೆ. ಆದರೆ 80 ಡಿಗ್ರಿಯಷ್ಟು ಶಾಖದಲ್ಲಿ ಅರೆಬೆಂದ ಕಾಳು ಹಸಿ ಕಾಳಿಗಿಂತಲೂ ಹೆಚ್ಚು ವಿಷಕಾರಿಯಾಗಬಹುದು. ಸ್ಲೋ ಕುಕ್ಕರಿನಲ್ಲಿ ನೇರವಾಗಿ ಹಾಕಿದ ರಾಜ್ಮಾ ಈ ಶಾಖದಲ್ಲೇ ನಿಂತುಬಿಡುವ ಸಂಭವವಿದೆ.

ಪರಿಹಾರ ಸುಲಭ. ಕಾಳನ್ನು ಕನಿಷ್ಠ ಐದು ಗಂಟೆ ನೆನೆಸಿ ಆ ನೀರು ಚೆಲ್ಲಬೇಕು. ಹೊಸ ನೀರು ಹಾಕಿ ಒಲೆಯ ಮೇಲೆ ಅರ್ಧ ಗಂಟೆ ಮರಳಿಸಿ, ಆಮೇಲೆ ಸ್ಲೋ ಕುಕ್ಕರಿಗೆ ಸುರಿಯಬೇಕು. ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ನೀರು 92-93 ಡಿಗ್ರಿಗೇ ಕುದಿಯುತ್ತದೆ. ನೀಲಗಿರಿಯಂಥ ಕಡೆ ರಾಜ್ಮಾವನ್ನು ಪ್ರೆಷರ್ ಕುಕ್ಕರಿನಲ್ಲೇ ಬೇಯಿಸುವುದು ಲೇಸು.

ನಮ್ಮ ಅಡುಗೆಗಳು

ಹುರುಳಿ ಸಾರು: ಒಂದು ಲೋಟ ಹುರುಳಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಹೊಸ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಐದು ಲೋಟ ನೀರಿನೊಡನೆ 'ಲೋ'ದಲ್ಲಿ ಎಂಟು-ಒಂಬತ್ತು ಗಂಟೆ ಇಡಬೇಕು. ಕಟ್ಟು ಬಸಿದು ಹುಣಸೆರಸ, ಸಾರಿನ ಪುಡಿ ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡಬೇಕು. ಉಳಿದ ಕಾಳು ಪಲ್ಯಕ್ಕೆ ಆಗುತ್ತದೆ.

ಜೋಳದ ನುಚ್ಚು: ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಮನೆಗಳಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಒಂದು ಲೋಟ ನುಚ್ಚಿಗೆ ಐದು ಲೋಟ ಕುದಿನೀರು, ಉಪ್ಪು. 'ಲೋ'ದಲ್ಲಿ ಮೂರು-ನಾಲ್ಕು ಗಂಟೆ. ನಡುವೆ ಒಮ್ಮೆ ಮಾತ್ರ ಕೈಯಾಡಿಸಬೇಕು. ಮಜ್ಜಿಗೆಯೊಡನೆ ರುಚಿ.

ಕಡಲೆ ಗಸಿ: ಕಾಸರಗೋಡಿನ ಕಡೆಯ ಈ ಅಡುಗೆಗೆ ನೆನೆಸಿದ ಕಡಲೆಯನ್ನು ಹತ್ತು ನಿಮಿಷ ಕುದಿಸಿ 'ಲೋ'ದಲ್ಲಿ ಏಳೆಂಟು ಗಂಟೆ ಬೇಯಿಸಬೇಕು. ಕಾಯಿ ಮಸಾಲೆಯನ್ನು ಕಡೆಯ ಅರ್ಧ ಗಂಟೆಯಲ್ಲಷ್ಟೇ ಸೇರಿಸಬೇಕು.

ಕಾಲು ಸೂಪು: ಸ್ವಚ್ಛಗೊಳಿಸಿದ ಆಡಿನ ಕಾಲು, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಮೆಣಸು. ಒಲೆಯ ಮೇಲೆ ಒಂದು ಕುದಿ ಬರಿಸಿ 'ಲೋ'ದಲ್ಲಿ ಎಂಟರಿಂದ ಹತ್ತು ಗಂಟೆ ಇಟ್ಟರೆ ಮೂಳೆಯ ಸಾರವೆಲ್ಲ ಸೂಪಿಗೆ ಇಳಿಯುತ್ತದೆ.

ಕೆಲವು ಸಲಹೆಗಳು

* ಪಾತ್ರೆ ಅರ್ಧಕ್ಕಿಂತ ಕಡಿಮೆ, ಮುಕ್ಕಾಲಿಗಿಂತ ಹೆಚ್ಚು ತುಂಬಿರಬಾರದು.
* ಆವಿ ಹೊರಹೋಗುವುದು ಕಡಿಮೆ. ಒಲೆಯ ಅಡುಗೆಗಿಂತ ನೀರು ಕಡಿಮೆ ಸಾಕು.
* ಪದೇಪದೇ ಮುಚ್ಚಳ ತೆಗೆಯಬಾರದು. ಒಮ್ಮೆ ತೆಗೆದರೆ ಬೇಯುವ ಹೊತ್ತು 15-20 ನಿಮಿಷ ಮುಂದೆ ಹೋಗುತ್ತದೆ.
* ಗಜ್ಜರಿ, ಆಲೂಗಡ್ಡೆ ಮಾಂಸಕ್ಕಿಂತ ನಿಧಾನ ಬೇಯುತ್ತವೆ. ಅವು ತಳದಲ್ಲಿರಲಿ.
* ಹುಣಸೆ, ಟೊಮೇಟೊ ಮೊದಲೇ ಹಾಕಿದರೆ ಕಾಳು ಮೆತ್ತಗಾಗುವುದಿಲ್ಲ. ಹಾಲು, ಮೊಸರು ಕೊನೆಯಲ್ಲಿ.
* ಫ್ರೀಜರಿನ ಮಾಂಸವನ್ನು ಪೂರ್ತಿ ಕರಗಿಸಿಯೇ ಹಾಕಬೇಕು. ತಂಗಳನ್ನು ಇದರಲ್ಲಿ ಬಿಸಿ ಮಾಡಬಾರದು, ಒಲೆಯ ಮೇಲೆ ಕುದಿಸಬೇಕು.
* ಬಿಸಿ ಪಿಂಗಾಣಿ ಪಾತ್ರೆಗೆ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ.

ಕರೆಂಟು ಕೈಕೊಟ್ಟರೆ

ಸುಮಾರು 5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಅಡುಗೆ ಅರ್ಧದಲ್ಲಿರುವಾಗ ಕರೆಂಟು ಹೋದರೆ ಕಾಯುತ್ತ ಕೂರದೆ ಕೂಡಲೇ ಗ್ಯಾಸಿನ ಮೇಲಿಟ್ಟು ಮುಗಿಸಬೇಕು. ಪೂರ್ತಿ ಬೆಂದಿದ್ದರೆ ಎರಡು ಗಂಟೆವರೆಗೆ ತೊಂದರೆಯಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಎಷ್ಟು ಹೊತ್ತು ಕರೆಂಟು ಇರಲಿಲ್ಲವೆಂದು ತಿಳಿಯದಿದ್ದರೆ, ನೋಡಲು ಬೆಂದಂತೆ ಕಂಡರೂ ಆ ಅಡುಗೆ ಚೆಲ್ಲುವುದೇ ಸರಿ.

ವೋಲ್ಟೇಜ್ ಕಡಿಮೆಯಾದರೂ ಇದೇ ತೊಂದರೆ. 230 ವೋಲ್ಟ್ ಬದಲು 180 ಬಂದರೆ ತಂತಿಯ ಶಾಖ ಸುಮಾರು ಶೇ. 60ಕ್ಕೆ ಇಳಿಯುತ್ತದೆ. ಅಂಥ ಊರುಗಳಲ್ಲಿ ಮೊದಲ ಗಂಟೆ 'ಹೈ'ನಲ್ಲಿಟ್ಟು ಆಮೇಲೆ 'ಲೋ'ಗೆ ತರಬೇಕು. ಅಮೆರಿಕದಿಂದ ತಂದ 120 ವೋಲ್ಟಿನ ಕುಕ್ಕರನ್ನು ಇಲ್ಲಿಯ ಪ್ಲಗ್ಗಿಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ.

ಕರೆಂಟಿನ ಭರವಸೆಯಿಲ್ಲದ ಕಡೆ ಮೊದಮೊದಲು ರಾತ್ರಿಗಿಂತ ಹಗಲಿನಲ್ಲಿ, ಮನೆಯಲ್ಲಿ ಯಾರಾದರೂ ಇರುವಾಗ ಮಾಡಿ ನೋಡುವುದು ಒಳ್ಳೆಯದು.