ಚಾಟ್‌ಗೆ ಬಂದ ಒಂದು ಸಾಲು

2021ರ ಡಿಸೆಂಬರ್ ಎರಡನೇ ವಾರ. ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ಆಡುವವರು ಹರಟೆ ಹೊಡೆಯಲು ಒಂದು ಚಾಟ್ ಪೆಟ್ಟಿಗೆ ಇದೆ. ಕೆಲವರು ಅದರಲ್ಲಿ ಒಂದು ವಿಚಿತ್ರ ಸಾಲು ಟೈಪ್ ಮಾಡಿದರು. ಅಷ್ಟಕ್ಕೇ ಆಟ ನಡೆಸುವ ಸರ್ವರ್ ಅವರ ಕೈವಶವಾಯಿತು. ಯಾರೂ ಲಿಂಕ್ ಒತ್ತಿರಲಿಲ್ಲ, ಯಾರೂ ಪಾಸ್‌ವರ್ಡ್ ಕೊಟ್ಟಿರಲಿಲ್ಲ.

ಇದರ ಬೇರು 1997ರಲ್ಲಿದೆ. ಆ ವರ್ಷ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಜಾವಾ ಭಾಷೆಗೆ ಆರ್‌ಎಂಐ ಎಂಬ ಸೌಲಭ್ಯ ಸೇರಿಸಿತು. ಇಲ್ಲಿನ ಪ್ರೋಗ್ರಾಂ ದೂರದ ಕಂಪ್ಯೂಟರಿನ 'ಆಬ್ಜೆಕ್ಟ್'ಗೆ ಕೆಲಸ ಹೇಳಬಹುದಾಯಿತು. ಆಬ್ಜೆಕ್ಟ್ ಅಂದರೆ ಮಾಹಿತಿ ಮತ್ತು ಅದರಿಂದ ಮಾಡುವ ಕೆಲಸ ಎರಡನ್ನೂ ಕಟ್ಟಿದ ಒಂದು ಗಂಟು. ಆ ಕೆಲಸಕ್ಕೆ ಬೇಕಾದ ಕೋಡ್ ನಮ್ಮಲ್ಲಿ ಇಲ್ಲವಾದರೆ ಅದನ್ನೂ ದೂರದಿಂದಲೇ ತರಿಸಿಕೊಳ್ಳಬಹುದಿತ್ತು. ನಂಬಿಕಸ್ತರ ನಡುವೆ ಇದು ಅನುಕೂಲವೇ. ಆದರೆ ಗಂಟು ಕಳಿಸಿದವರು ಕಳ್ಳರಾದರೆ?

ಈಗ ಲಾಗ್‌ಫೋರ್‌ಜೆ ಕಥೆಗೆ ಬರೋಣ. ಜಾವಾ ಪ್ರೋಗ್ರಾಂಗಳಲ್ಲಿ ಇದು ಕಿರ್ದಿ ಬರೆಯುವ ಗುಮಾಸ್ತನಿದ್ದ ಹಾಗೆ. ಯಾರು ಬಂದರು, ಚಾಟ್‌ನಲ್ಲಿ ಏನು ಹೇಳಿದರು, ಎಲ್ಲವನ್ನೂ ಬರೆದಿಡುತ್ತದೆ. 2013ರಲ್ಲಿ ಇದಕ್ಕೆ ಹೊಸ ಅಭ್ಯಾಸವೊಂದು ಬಂತು. ಬರೆಯುವ ಸಾಲಿನಲ್ಲಿ ಒಂದು ಬಗೆಯ ವಿಳಾಸ ಕಂಡರೆ, ಆ ವಿಳಾಸಕ್ಕೇ ಹೋಗಿ ಆಬ್ಜೆಕ್ಟ್ ತರುವುದು. ಬರೆದುಕೋ ಎಂದು ಕೊಟ್ಟ ಚೀಟಿಯನ್ನು ಗುಮಾಸ್ತ ಯಜಮಾನರ ಅಪ್ಪಣೆ ಎಂದುಕೊಂಡ. ಕಳ್ಳನ ಮನೆಗೆ ಹೋಗಿ ಗಂಟು ತಂದು ಅಂಗಡಿಯೊಳಗೇ ಬಿಚ್ಚಿದ.

ಇಂಥ ದಾರಿ ಅಪಾಯ ಎಂದು 2016ರಲ್ಲೇ ಇಬ್ಬರು ಸಂಶೋಧಕರು ಅಮೆರಿಕದ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ತೋರಿಸಿದ್ದರು. ಆ ಹೊತ್ತಿಗೆ ಜಾವಾ ಒರಾಕಲ್ ಕಂಪನಿಯ ಕೈಗೆ ಬಂದಿತ್ತು. ಅದು 2017 ಮತ್ತು 2018ರಲ್ಲಿ ಹೊರಗಿನ ಕೋಡ್ ತರುವ ಕೆಲವು ಬಾಗಿಲು ಮುಚ್ಚಿತು. ಆದರೆ ಹಳೆಯ ಜಾವಾ ಎಷ್ಟೋ ಕಡೆ ಹಾಗೇ ಉಳಿದಿತ್ತು, ಹೊಸದರಲ್ಲೂ ಸಂದಿಗಳಿದ್ದವು.

2021ರ ನವೆಂಬರ್ 24ರಂದು ಚೀನಾದ ಅಲಿಬಾಬಾ ಕ್ಲೌಡ್‌ನ ಚೆನ್ ಝಾವೊಜುನ್ ಈ ದೋಷವನ್ನು ಅಪಾಚೆ ಸಂಸ್ಥೆಗೆ ತಿಳಿಸಿದರು. ಡಿಸೆಂಬರ್ 9ರ ಹೊತ್ತಿಗೆ ಗುಟ್ಟು ಬಯಲಾಯಿತು. ಅಪಾಯದ ಅಳತೆಯಲ್ಲಿ ಅದಕ್ಕೆ 10ಕ್ಕೆ 10. ದೊಡ್ಡ ದೊಡ್ಡ ಕಂಪನಿಗಳು ಬಳಸುತ್ತಿದ್ದ ಈ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಸ್ವಯಂಸೇವಕರು. ಅವರು ನಿದ್ದೆಗೆಟ್ಟು ದುಡಿದರು. ಒಂದು ತೇಪೆ ಹಾಕಿದರೆ ಇನ್ನೊಂದು ಕಡೆ ತೂತು ಕಾಣುತ್ತಿತ್ತು. ಆ ಡಿಸೆಂಬರ್ ಒಂದರಲ್ಲೇ 2.15ರಿಂದ 2.17.1ರವರೆಗೆ ನಾಲ್ಕು ಆವೃತ್ತಿ ಬಿಡಬೇಕಾಯಿತು.

ಚಾಟ್ ಆ್ಯಪ್ ಕಟ್ಟುವವರು ಇಂದಿಗೂ ಮರೆಯಬಾರದ ಮಾತು ಇದು: ಹೊರಗಿನಿಂದ ಬಂದ ಸಂದೇಶ ಬರೀ ಅಕ್ಷರ, ಅಪ್ಪಣೆಯಲ್ಲ.

ನಮ್ಮ ವಾಟ್ಸ್‌ಆ್ಯಪ್‌ಗೂ ಈಗ ಮದುವೆ ಆಮಂತ್ರಣದ ಹೆಸರಲ್ಲಿ ಎಪಿಕೆ ಫೈಲ್ ಬರುತ್ತವೆ. ಅವೂ ಕಳ್ಳಗಂಟುಗಳೇ. ಒಂದೇ ವ್ಯತ್ಯಾಸ: ಅಲ್ಲಿ ಗುಮಾಸ್ತ ಕೇಳದೆ ಬಿಚ್ಚಿದ. ಇಲ್ಲಿ ಬಿಚ್ಚಬೇಕಾದವರು ನೀವು.